ಕಂಬ ತೆಗೆದ ಅಂಗಡಿ

ಹಿರಿಯೂರಿನ ಪೇಟೆ ಬೀದಿಯಲ್ಲಿ, ನಮ್ಮ ಅಂಗಡಿಯ ಎದುರು ಸಾಲಿನಲ್ಲಿದ್ದ ಬಳೆ ಅಂಗಡಿಯ ಜಗುಲಿಯ ಮೇಲೆ ನಾನು ನಿಂತಿದ್ದೆ. ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲ; ಮಧ್ಯಾಹ್ನ, ಊಟಕ್ಕೆ ಬಿಟ್ಟ ಹೊತ್ತು. ಮೊನ್ನೆ ರಸ್ತೆ ಅಗಲ ಮಾಡುವವರು ನಮ್ಮ ಅಂಗಡಿಯ ಜಾಗದಲ್ಲಿ ಉಳಿದಿದ್ದ ಮೋಟು ಗೋಡೆಯನ್ನು ಕೆಡವಿದಾಗ ಎದ್ದ ಹಳೆಯ ಗಾರೆಯ ವಾಸನೆ ನನ್ನನ್ನು ಮತ್ತೆ ಅದೇ ಜಗುಲಿಗೆ ತಂದು ನಿಲ್ಲಿಸಿತು.

ಅಂಗಡಿಯನ್ನು ಕಟ್ಟಿಸಿದ್ದು ತಾತ. ಕೆಳಗೆ ಕೊಡೆ, ಟ್ರಂಕು, ಪಾತ್ರೆ, ಕಂಬಳಿ. ಮಹಡಿಯಲ್ಲಿ ಮದುವೆ ಸೀರೆಗಳು. ಹಿಂದೆ ನಮ್ಮ ಮನೆ. ನಮ್ಮ ಒಗ್ಗರಣೆಯ ಘಮ ಹೊಸ ಬಟ್ಟೆಯ ಗಂಜಿ ವಾಸನೆಯೊಂದಿಗೆ ಬೆರೆತು ಬೀದಿಯವರೆಗೂ ಬರುತ್ತಿತ್ತು. ಮರದ ತೊಲೆ, ಜಂತೆ, ಮೇಲೆ ಇಟ್ಟಿಗೆ ಗಾರೆಯ ನೆಲ, ಅದರ ಮೇಲೆ ಮಹಡಿಯ ಸೂರು. ಆ ಭಾರವನ್ನೆಲ್ಲ ಹೊತ್ತು ನಡುವೆ ನಿಂತಿದ್ದದ್ದು ಒಂದು ತೇಗದ ಕಂಬ. ಮದುವೆ ಜವಳಿಗೆ ಬಂದವರು ಮೊದಲು ಆ ಕಂಬಕ್ಕೆ ಅರಿಶಿನ ಹಚ್ಚಿ ಆಮೇಲೆ ಮೆಟ್ಟಿಲು ಹತ್ತುತ್ತಿದ್ದರು. ಎಷ್ಟು ಮದುವೆಗಳ ಅರಿಶಿನವೋ, ಆಳೆತ್ತರಕ್ಕೂ ಕಂಬ ಹಳದಿಯಾಗಿತ್ತು. ತಾತ ಹೋದ ಮೇಲೆ ಚಿಕ್ಕಪ್ಪ ಗಾಜಿನ ಶೋಕೇಸಿಗೆ ಅಡ್ಡವೆಂದು ಅದನ್ನು ತೆಗೆಸಿ, ಬದಿಗೆ ಕಬ್ಬಿಣದ ಪೈಪು ನಿಲ್ಲಿಸಿದರು. ಆಮೇಲೂ ಬಂದವರು ಕಂಬವಿದ್ದ ಜಾಗದಲ್ಲಿ ಬಗ್ಗಿ, ನೆಲಕ್ಕೇ ಅರಿಶಿನ ಹಚ್ಚಿ ಮೇಲೆ ಹೋಗುತ್ತಿದ್ದರು.

ಆ ಬೆಳಿಗ್ಗೆ ಶೋಕೇಸಿನ ಮೇಲೆ ಸುಣ್ಣದ ಪುಡಿ ಉದುರಿತ್ತು. ಮಹಡಿಯ ವ್ಯಾಪಾರ ನೋಡಿಕೊಳ್ಳುತ್ತಿದ್ದ ದೊಡ್ಡಮ್ಮ ಅದನ್ನು ಬೆರಳಲ್ಲಿ ಒರೆಸಿ ನೋಡಿದರು.

“ನಾಗರಾಜ, ಗಾರೆ ಉದುರ್ತೈತೆ ನೋಡಪ್ಪ. ಇವತ್ತು ಮ್ಯಾಲಕ್ಕೆ ಯಾರ್ನೂ ಹತ್ತಿಸಬ್ಯಾಡ.”

“ಧರ್ಮಪುರದೋರು ಆಗ್ಲೇ ಬಸ್ ಹತ್ತ್ಯಾರೆ ಅತ್ತಿಗೆಮ್ಮ,” ಎಂದರು ಚಿಕ್ಕಪ್ಪ. “ಜವಳಿಗೆ ಬಂದೋರ್ನ ಬರಿಗೈಲಿ ಕಳಿಸಿದ್ರೆ ಅಪಶಕುನ ಅಂತಾರೆ. ಇವತ್ತೊಂದಿನ. ನಾಳೆ ಮೇಸ್ತ್ರಿನ ಕರೆಸ್ತೀನಿ.”

ಅಷ್ಟು ಕೇಳಿಸಿಕೊಂಡು ನಾನು ಶಾಲೆಗೆ ಹೋದೆ. ಮುಂದಿನದು ನಾನು ಕಂಡದ್ದಲ್ಲ, ಧರ್ಮಪುರದ ಮದುಮಗಳು ರಾಮಕ್ಕ ಆಮೇಲೆ ಹೇಳಿದ್ದು. ದೊಡ್ಡಮ್ಮ ಸೀರೆಗಳನ್ನು ಕೆಳಗೇ ತರುತ್ತೇನೆಂದರಂತೆ. ರಾಮಕ್ಕನ ಅಜ್ಜಿ ಒಪ್ಪಲಿಲ್ಲ. “ಮದ್ವೆ ಸೀರೆನ ಓಡಾಡೋ ದಾರಿಯಾಗೆ ಬಿಚ್ತೀಯೇನವ್ವ? ಇದೇನ್ ಕಂಬಳಿ ಯಾಪಾರನಾ?” ರಾಮಕ್ಕನ ಸೋದರಮಾವ ನಕ್ಕು, “ಈ ಅಜ್ಜಿ ಹತ್ತಿದ್ರೆ ಮಾಳಿಗೆ ಕುಸೀತೈತೆ ಅಂತ ಹೆದ್ರಿಕೆ ಕಣ್ರಿ ಅವ್ರಿಗೆ!” ಎಂದನಂತೆ. ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕು ಮುಂದಾಗಿ ಮೆಟ್ಟಿಲು ಹತ್ತಿದರು. ಸೀರೆ ಗೊತ್ತಾದ ಕೂಡಲೇ, “ಪಕ್ಕದ ಹೋಟ್ಲಾಗೆ ಕಾಫಿಗೆ ಹೇಳೀನಿ, ಇಳೀರಿ, ಇಳೀರಿ,” ಎಂದು ಅವಸರ ಮಾಡಿ ಕಳಿಸಿದರು.

ನಾನು ಬಂದಾಗ ಅವರೆಲ್ಲ ಅಂಗಡಿಯ ಮುಂದೆ ಗದ್ದಲ ಮಾಡುತ್ತ ತಮ್ಮ ತಮ್ಮ ಚಪ್ಪಲಿ ಹುಡುಕುತ್ತಿದ್ದರು. ದಾರಿಯಿಲ್ಲದೆ ಎದುರಿನ ಜಗುಲಿ ಹತ್ತಿ ನಿಂತೆ. ಮೇಲಿನ ಕಿಟಕಿಯಲ್ಲಿ ದೊಡ್ಡಮ್ಮ ಕಂಡರು. ಕೆಂಪು ಸೀರೆಯೊಂದನ್ನು ಮಡಿಸುತ್ತಿದ್ದರು.

ಚಿಕ್ಕಪ್ಪ ಬೀದಿಯಿಂದ ಕೂಗಿದರು: “ಸಾಕು, ಬರ್ರಿ ಅತ್ತಿಗೆಮ್ಮ!”

“ಆರಿಸಿದ ಸೀರೆನ ಹಂಗೇ ಹರವಿ ಬರಾಕಾಗ್ತೈತೇನೋ? ಬಂದೆ ತಡಿ.”

ದೊಡ್ಡ ಸದ್ದೇನೂ ಆಗಲಿಲ್ಲ. ಬಂಡಿಯಿಂದ ಶೇಂಗಾ ಮೂಟೆಗಳನ್ನು ಒಂದರ ಮೇಲೊಂದು ಇಳಿಸಿದಂತಿತ್ತು. ಮುಂದಿನ ಗೋಡೆ ಬೀಳಲಿಲ್ಲ. ಕಿಟಕಿಯೂ ಇದ್ದಲ್ಲೇ ಇತ್ತು. ಅದರೊಳಗೆ ಆಕಾಶ ಕಾಣುತ್ತಿತ್ತು.

ಸಂಜೆ ದೊಡ್ಡಮ್ಮನನ್ನು ಹೊರಗೆ ತಂದರು. ಕೈಯಲ್ಲಿದ್ದ ಕೆಂಪು ಸೀರೆ ಅರ್ಧ ಮಡಿಸಿದಂತೆಯೇ ಇತ್ತು. ವರ್ಷ ತುಂಬುವ ಮೊದಲೇ ಹಿಂದಿನ ಮನೆಯ ಒಲೆಯೂ ಆರಿ, ನಾವು ಒಬ್ಬೊಬ್ಬರು ಒಂದೊಂದು ಊರಿನವರಾದೆವು. ರಾಮಕ್ಕ ತಾಯಿಯ ಹಳೆಯ ಸೀರೆಯುಟ್ಟು ಧಾರೆಗೆ ನಿಂತಳು.

ಅಂದು ಬೀದಿಯಲ್ಲಿ ನಿಂತು ಕಂಡವರಲ್ಲಿ ನನ್ನನ್ನು ಬಿಟ್ಟರೆ, ನಾನು ಬಲ್ಲಂತೆ ಈಗ ಬದುಕಿರುವವರು ರಾಮಕ್ಕ, ಬಳೆ ಅಂಗಡಿಯ ಫಾತಿಮಾಬಿ, ಮತ್ತೆ ಚಿಕ್ಕಪ್ಪ. ಮೊನ್ನೆ ಗೋಡೆ ಕೆಡವುವಾಗ ಚಿಕ್ಕಪ್ಪ ಕೋಲೂರಿಕೊಂಡು ಬಂದಿದ್ದರು. ಮುಷ್ಟಿಯಲ್ಲಿ ಅರಿಶಿನದ ಪೊಟ್ಟಣವಿತ್ತು. ಇಟ್ಟಿಗೆ ರಾಶಿಯ ನಡುವೆ ಬಹಳ ಹೊತ್ತು ಅತ್ತಿತ್ತ ನೋಡಿ, ಕೊನೆಗೆ ನನ್ನ ಕಡೆ ತಿರುಗಿದರು.

“ಕಂಬ ಎಲ್ಲಿತ್ತಪ್ಪ?”