ಯಜಮಾನರ ಹೆಸರೇನ್ರಿ?

ಶಿಕಾರಿಪುರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಸಂವಿಧಾನದ ಪಾಠ ಮಾಡುವಾಗ ನನ್ನಂಥ ಧೀರ ಇನ್ನೊಬ್ಬನಿಲ್ಲ. ಅದೇ ಸಂವಿಧಾನ ಚುನಾವಣಾ ಡ್ಯೂಟಿಯ ರೂಪದಲ್ಲಿ ಮನೆಬಾಗಿಲಿಗೆ ಬಂದಾಗ ಮಾತ್ರ ಜೀವ ಬಾಯಿಗೆ ಬರುತ್ತದೆ. ‘ಸಮಾನತೆಯ ಹಕ್ಕು’ ಎಂದು ಬೋರ್ಡಿನ ಮೇಲೆ ಬರೆಯುವುದು ಸುಲಭ. ಅದನ್ನು ಒಬ್ಬೊಬ್ಬರಿಗೂ ಕೈಯಾರೆ ದಾಟಿಸುವುದಿದೆಯಲ್ಲ, ಅದು ಕಷ್ಟ.

ಕಳೆದ ಚುನಾವಣೆಯಲ್ಲಿ ನನ್ನನ್ನು ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿಯಾಚೆಯ ಒಂದು ಹಳ್ಳಿಗೆ ಹಾಕಿದ್ದರು. ಪಟ್ಟಿಯಲ್ಲಿ ಹೆಸರು ಹುಡುಕಿ ಗುರುತು ಹಾಕುವುದು ನನ್ನ ಕೆಲಸ. ಮಧ್ಯಾಹ್ನ ಕುರಿ ಸಾಕುವ ಮನೆಯ ಗೌರಮ್ಮ ಫೋಟೋ ಇರುವ ಪಾಸ್‌ಬುಕ್ ಹಿಡಿದು ಬಂದರು. ನೋಡಿದರೆ ಪಟ್ಟಿಯಲ್ಲಿ ಇಬ್ಬರು ಗೌರಮ್ಮಂದಿರು. ವಯಸ್ಸೂ ಒಂದೇ, ಇಬ್ಬರ ಫೋಟೋವೂ ಬರೀ ಮಸಿ. ಗಂಡನ ಹೆಸರೊಂದೇ ಬೇರೆ, ಅದೂ ಪಾಸ್‌ಬುಕ್ಕಿನಲ್ಲಿ ಅಳಿಸಿಹೋಗಿತ್ತು.

“ನಿಮ್ಮ ಯಜಮಾನರ ಹೆಸರೇನ್ರಿ?” ಎಂದೆ.

“ಅವ್ರ ಹೆಸ್ರು ಹೇಳಬಾರ್ದ್ರೀ ಸಾಹೇಬ್ರೇ.”

ಹಿಂದಿದ್ದ ಹೆಂಗಸರನ್ನು ಕೇಳಿದೆ. ಎಲ್ಲ ಅವರ ವಾರಗಿತ್ತಿಯರೇ. “ಭಾವನ್ ಹೆಸ್ರು ನಾವ್ ಹೆಂಗ್ ಹೇಳದ್ರೀ?” ಎಂದು ನನ್ನನ್ನೇ ಕೇಳಿದರು. ಹೇಳಬಲ್ಲ ಪಕ್ಷಗಳ ಏಜೆಂಟರು ಊಟಕ್ಕೆ ಎದ್ದಿದ್ದರು. ತಪ್ಪು ಹೆಸರಿಗೆ ಗೆರೆ ಎಳೆದರೆ ಇನ್ನೊಬ್ಬ ಗೌರಮ್ಮ ಬಂದಾಗ ಓಟಿಲ್ಲದೆ ಮರಳಬೇಕು. ಎಳೆಯದಿದ್ದರೆ ಈಕೆ ಮರಳಬೇಕು.

ಬಂದಳಿಕೆಯ ಶಾಸನಗಳ ಹುಚ್ಚಿರುವ ಗೆಳೆಯನೊಬ್ಬ ಹೇಳುತ್ತಿರುತ್ತಾನೆ: ಹಿಂದೆ ದತ್ತಿ ಕೊಟ್ಟರೆ ಕಲ್ಲಿನಲ್ಲಿ ಕೊರೆಸಿ, ಅದನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಬರಲಿ ಎಂದು ಕೆಳಗೊಂದು ಶಾಪ ಬರೆಸುತ್ತಿದ್ದರಂತೆ. ನಮ್ಮ ಸಂವಿಧಾನದಲ್ಲಿ ಶಾಪವಿಲ್ಲ. ಅದನ್ನು ಕಾಯಲು ನನ್ನಂಥವರನ್ನು ಕೂರಿಸಿದ್ದಾರೆ. ಆದರೂ ಆ ಹೊತ್ತಿನಲ್ಲಿ ಕಾಶಿಯ ಪಾಪವೆಲ್ಲ ನನ್ನ ಪೆನ್ನಿಗೇ ಸುತ್ತಿಕೊಂಡಂತಾಗಿ ಬೆವತುಬಿಟ್ಟೆ.

ಕಡೆಗೆ ಬುದ್ಧಿ ಬಂತು. ಅವರು ಹೇಳಬಾರದು ಸರಿ, ನಾನು ಹೇಳಬಾರದೆಂದು ಯಾವ ಕಾನೂನಿದೆ? “ಮಲ್ಲಪ್ಪ” ಎಂದು ಓದಿದೆ. ಗೌರಮ್ಮ ಸುಮ್ಮನೆ ನಿಂತಿದ್ದರು. “ಬೀರಪ್ಪ” ಎಂದೆ. ತಟ್ಟನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ವಾರಗಿತ್ತಿಯರೂ ಎಳೆದುಕೊಂಡರು. ಇಷ್ಟು ಜನ ಸಾಕ್ಷಿ ಕೋರ್ಟಿನಲ್ಲೂ ಸಿಗುವುದಿಲ್ಲ. ನಾನು ನಿಶ್ಚಿಂತೆಯಿಂದ ಗೆರೆ ಎಳೆದೆ. ಬೆಳಗಿನಿಂದ ಆರಿದ್ದ ಚಹಾ ಕೂಡ ರುಚಿಯಾಯಿತು.

ನಮ್ಮ ಸರ್ಕಾರ ಹೆಂಗಸಿಗೆ ಓಟು ಕೊಟ್ಟಿದ್ದು ಅವಳ ಹೆಸರಿಗೇ. ಗುರುತಿಗೆ ಮಾತ್ರ ಗಂಡನ ಹೆಸರು ಕೇಳುತ್ತದಲ್ಲ ಎಂದು ಯೋಚಿಸುತ್ತಿರುವಾಗಲೇ ಕಿಟಕಿಯಾಚೆ ಗಂಡಸಿನ ದನಿ ಕೇಳಿತು. ಬೇವಿನ ಮರದ ಕೆಳಗೆ ಕಾಯುತ್ತಿದ್ದ ಬೀರಪ್ಪನವರು ಹೆಂಡತಿಯನ್ನು ತಡೆದು ನಿಲ್ಲಿಸಿದ್ದರು.

“ನಾ ಹೇಳ್ದಂಗೇ ಒತ್ತಿದ್ಯೋ ಇಲ್ಲೋ?”

ಗೌರಮ್ಮ ಬೆರಳಿನ ಶಾಯಿ ಒಣಗಿತೇ ಎಂದು ನೋಡಿಕೊಂಡರು.

“ಅದ್ನೂ ಹೇಳಬಾರ್ದು” ಎಂದು ಅವರಿಗಿಂತ ಮುಂದೆ ನಡೆದರು.