ಕಾಗೆಗೆ ಕೊಟ್ಟ ಮಾತು, ಒಂದು ಟ್ರಂಕು ಪೈಪು

ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಐಸಿನ ತಟ್ಟೆಗೂ ಬಟಾಣಿಯ ಚೀಲಕ್ಕೂ ನಡುವೆ, ಈ ಹೊತ್ತು ತಂಬಾಕು ಸೇದುವ ಹಳೆಯ ಪೈಪೊಂದು ಮಲಗಿದೆ. ಅದರ ಕಟ್ಟಿಗೆಯ ಬಟ್ಟಲಿಗೆ ಬಾಯಿಗಿಡುವ ಕೊಳವೆ ಎಷ್ಟೋ ವರ್ಷಗಳ ಜಿಗುಟಿನಿಂದ ಕಚ್ಚಿಕೊಂಡಿದೆ. ಜಗ್ಗಿದರೆ ಮುರಿಯುತ್ತದೆ, ಥಂಡಿಯಲ್ಲಿಟ್ಟರೆ ತಾನಾಗಿಯೇ ಸಡಿಲಾಗುತ್ತದೆ. ಈ ಗುಟ್ಟು ಗೊತ್ತಿಲ್ಲದ ನನ್ನ ಸೊಸೆ ಮೊದಲ ಸಲ ಐಸು ತೆಗೆಯಲು ಹೋದವಳು, "ಅತ್ತಿ, ಒಳಗ ಮಾವನಾರ ಪೈಪ ಐತ್ರಿ" ಎಂದು ಮೆಲ್ಲಗೆ ಹೇಳಿ, ಯಾರೋ ನಿದ್ದೆಯಲ್ಲಿದ್ದಾರೆ ಎಂಬಂತೆ ಸಪ್ಪಳವಾಗದ ಹಾಗೆ ಬಾಗಿಲು ಮುಚ್ಚಿದ್ದಳು.

ಮೊಮ್ಮಕ್ಕಳೇ, ಸುಜಾತಾ, ಪ್ರಜ್ವಲ, ನಿಮ್ಮ ಆಯಿ ಬರೆಯುವುದು ಹೊಸದು. ಎದುರಿಗೆ ಹೇಳಲು ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ. ಹೋದ ರಜೆಯಲ್ಲಿ ನೀವಿಬ್ಬರೂ ಪಡಸಾಲೆಯಲ್ಲಿ ಕುಳಿತು ಆಡಿದ ಮಾತು ಅಡುಗೆಮನೆಗೆ ಕೇಳಿಸಿತು. "ಆಯಿ ಹೋದ ಮ್ಯಾಲೆ ಈ ಪೈಪೆಲ್ಲಾ ನೀ ಒಯ್ಯಿ" ಎಂದಳು ಸುಜಾತಾ. "ನಾ ಎಲ್ಲಿ ಒಯ್ಯಲೇ, ಹಾಸ್ಟೆಲ್‌ನ್ಯಾಗ ಇಟ್ಟರ ನನ್ನ ಹೊರಗ ಹಾಕ್ತಾರ" ಎಂದ ಪ್ರಜ್ವಲ. ಸುಜಾತಾ ಸಣ್ಣ ದನಿಯಲ್ಲಿ, "ಆಯೀ ದಿವಸದಾಗ ಎಡಿಗೆ ಕಾಗಿ ಬರಲಿಲ್ಲಂದ್ರ? ಯಾರರ ಬಾಯಿ ಜಾರಿ ಪೈಪಿನ ಮಾತ ಕೊಟ್ರ ನಮ್ಮ ಕತಿ ಮುಗೀತು" ಎಂದಳು. ಆಮೇಲೆ ಇಬ್ಬರೂ ನಕ್ಕಿರಿ. ಆ ನಗೆಯೊಳಗೆ ಅಂಜಿಕೆ ಇತ್ತು. ಅದನ್ನು ತೆಗೆದುಹಾಕುವುದಕ್ಕೆ ಈ ಬರಹ.

ನಿಮ್ಮ ಅಜ್ಜ ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ, ಎಲೆ ಕೂಡಿಡುವ ಗೋದಾಮಿನಲ್ಲಿ, ದುಡಿಯುತ್ತಿದ್ದರು. ಎಲೆಯನ್ನು ಮೂಗಿಗೆ ಹಿಡಿದು ಅದು ಕರಿಮಣ್ಣಿನದೋ ಕೆಂಪುಮಣ್ಣಿನದೋ ಎಂದು ಹೇಳಬಲ್ಲವರು. ಅವರು ಸೇದುತ್ತಿದ್ದುದು ಬೀಡಿ. ಆದರೆ ಸಂತೆಗೆ ಹೋದರೆ ಗುಜರಿಯವನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಯಾವ ಕಾಲದ ಯಾವ ಸಾಹೇಬ ಬಿಟ್ಟುಹೋದದ್ದೋ, ಬಟ್ಟಲು ಸೀಳಿದ, ಕೊಳವೆ ಮುರಿದ ಪೈಪುಗಳನ್ನು ಆರಿಸಿ ತರುತ್ತಿದ್ದರು. "ಇವನ್ನೆಲ್ಲಾ ರಿಪೇರಿ ಮಾಡಬೇಕಲೇ" ಎಂದು ಟ್ರಂಕಿಗೆ ಹಾಕುತ್ತಿದ್ದರು. ಟ್ರಂಕು ತುಂಬಿತು, ರಿಪೇರಿ ಒಂದೂ ಆಗಲಿಲ್ಲ. ಅದರ ಮುಚ್ಚಳ ತೆರೆದರೆ ಹಳೆಯ ಹೊಗೆಯ ಕಮಟು ಮನೆಯೆಲ್ಲ ಹರಡಿ ಅನ್ನಕ್ಕೂ ಹತ್ತುತ್ತಿತ್ತು. ಅವರ ಕಣ್ಣು ತಪ್ಪಿಸಿ ಒಂದು ದಿನ ಅದನ್ನು ಹೊಳೆಗೆ ಎಸೆಯಬೇಕೆಂದು ನಾನು ಎಷ್ಟು ಸಲ ಅಂದುಕೊಂಡಿದ್ದೆನೋ.

ಹೊಳೆಗೆ ಹೋಗುವ ದಿನ ಬಂತು, ಆದರೆ ಅವರಿಗಾಗಿ. ಯಡೂರಿನ ಹತ್ತಿರ ಕೃಷ್ಣೆಯ ದಂಡೆಯಲ್ಲಿ ಅವರು ತೀರಿಕೊಂಡ ಮೇಲಿನ ದಿವಸದ ಕರ್ಮಕ್ಕೆ ಎಡೆ ಇಟ್ಟೆವು: ಹೋಳಿಗೆ, ಕಡಬು, ಎಣ್ಣೆಗಾಯಿ, ಪಕ್ಕದಲ್ಲೊಂದು ಬೀಡಿಯ ಕಟ್ಟು. ಕಾಗೆ ಮುಟ್ಟಿದರೆ ಹೋದವರು ತೃಪ್ತಿಯಿಂದ ಹೋದಂತೆ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ, ಅದನ್ನು ಊಹಿಸಿ ಮಾತು ಕೊಡಬೇಕು, ಅಲ್ಲಿಯವರೆಗೆ ಯಾರೂ ಉಣ್ಣುವಂತಿಲ್ಲ. ಇದು ನಮ್ಮ ಕಡೆಯ ನಡೆ. ಕಾಗೆಗಳೇನೋ ಬಂದಿದ್ದವು. ಜಾಲಿಯ ಮರದ ಮೇಲೆ ಸಾಲಾಗಿ ಕುಳಿತು, ಗ್ರಾಮಸಭೆಗೆ ಕರೆಸಿಕೊಂಡ ಪಂಚರ ಹಾಗೆ ಕತ್ತು ಓರೆ ಮಾಡಿ ನಮ್ಮನ್ನು ನೋಡುತ್ತಿದ್ದವು.

ಮೊದಲು ನಿಮ್ಮ ಅಪ್ಪ ಕೈಮುಗಿದ. "ಅಪ್ಪಾ, ಅವ್ವನ್ನ ಚಂದಂಗ ನೋಡ್ಕೋತೇನಿ, ಚಿಂತಿ ಮಾಡಬ್ಯಾಡ." ಕಾಗೆ ಅಲುಗಲಿಲ್ಲ. ನನ್ನ ನಾದಿನಿ ಶಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಣ್ಣಾ, ಇನ್ನ ಮುಂದ ನಾ ಯಾರ ಜೋಡೀನೂ ಜಗಳಾ ತೆಗ್ಯಂಗಿಲ್ಲ" ಎಂದಳು. ಒಂದು ಕಾಗೆ ಎದ್ದು ಹಿಂದಿನ ಟೊಂಗೆಗೆ ಹೋಗಿ ಕುಳಿತಿತು. "ಅದಕ್ಕೂ ನಂಬಿಕಿ ಬರವಲ್ದು" ಎಂದು ಯಾರೋ ಗೊಣಗಿದರು. "ಯಾವಾಂವ ಅಂವಾ?" ಎಂದು ಶಾಂತಕ್ಕ ಅಲ್ಲೇ ತಿರುಗಿ ನಿಂತಳು.

ಬಿಸಿಲು ನೆತ್ತಿಗೆ ಬಂತು. ಸಕ್ಕರೆ ಕಾಯಿಲೆಯ ಮುದುಕರು ಊಟದ ಪಾತ್ರೆಗಳ ಕಡೆಗೆ ಸರಿಯತೊಡಗಿದರು. ಆಗ ನನ್ನ ಮೈದುನ ಬಾಳು ಮುಂದೆ ಬಂದು, "ಅಣ್ಣಾ, ಬಾವಿ ನೀರಿನ ಪಾಳಿ ನಿನ್ನ ಮಕ್ಕಳಿಗೇ ಬಿಟ್ಟಕೊಡ್ತೇನಿ" ಎಂದು ದೊಡ್ಡ ಮನಸ್ಸಿನಿಂದ ಸಾರಿದ. ಎಲ್ಲರೂ ಮರದ ಕಡೆ ಕತ್ತೆತ್ತಿದರು. ಕಾಗೆ ಬರಲಿಲ್ಲ. "ಹಂಗಾರ ಅದಲ್ಲ ಬಿಡ್ರಿ" ಎಂದು ಬಾಳು ಬೇಗನೆ ಪಾಳಿಯನ್ನು ಹಿಂದಕ್ಕೆ ತೆಗೆದುಕೊಂಡ.

ಹಿಂದಕ್ಕೆ ತೆಗೆದುಕೊಂಡ ಸಂಕೋಚಕ್ಕೋ, ಹಸಿವಿಗೋ, ಅವನಿಗೆ ಟ್ರಂಕು ನೆನಪಾಯಿತು. "ಅಣ್ಣಾ, ನಿನ್ನ ಪೈಪ ಒಂದೂ ಹೊರಗ ಒಗ್ಯಂಗಿಲ್ಲ. ವೈನಿ ಎಲ್ಲಾ ತಿಕ್ಕಿ, ರಿಪೇರಿ ಮಾಡಿ, ಹೊಸಾದರಂಗ ಮಾಡಿ ಇಡ್ತಾಳ. ಇದು ವೈನಿ ಮಾತು." ಮಾತು ಮುಗಿಯುವುದಕ್ಕೂ ಕಾಗೆ ಇಳಿಯುವುದಕ್ಕೂ ಸರಿಹೋಯಿತು. ಅದು ಬೀಡಿಯ ಕಟ್ಟನ್ನು ಒಮ್ಮೆ ಕುಕ್ಕಿ, ಅಲ್ಲಿಯೇ ಬಿಟ್ಟು, ಹೋಳಿಗೆ ಕಚ್ಚಿಕೊಂಡು ಹಾರಿತು. "ನೋಡ್ರಿ, ಪೈಪನ ಇತ್ತು ಮನಸಿನ್ಯಾಗ" ಎಂದು ಹತ್ತು ಜನ ಒಮ್ಮೆಗೇ ಹೇಳಿ ಊಟದ ಪಂಕ್ತಿಗೆ ಓಡಿದರು. ಅವನ ವೈನಿ, ಅಂದರೆ ಅತ್ತಿಗೆಯಾದ ನಾನು, ಹೆಂಗಸರ ಹಿಂದೆ ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದೆ. ಹೇಳಿದವನು ಮೈದುನ, ಒಪ್ಪಿದ್ದು ಕಾಗೆ. ಅವರಿಬ್ಬರ ನಡುವೆ ಬಾಯಿ ಹಾಕಲು ನನಗೆ ಎಲ್ಲಿಯ ಧೈರ್ಯ?

ಹೀಗೆ ಹೊಗೆಯ ವಾಸನೆಗೆ ಓಕರಿಸುತ್ತಿದ್ದ ನಾನು ಪೈಪು ತಿಕ್ಕುವವಳಾದೆ. ಸುಜಾತಾ, ಮೊಬೈಲಿನಲ್ಲಿ ಪೈಪು ರಿಪೇರಿ ಮಾಡುವ ಗಡ್ಡದ ಒಬ್ಬ ಪರದೇಶದ ಮುದುಕನನ್ನು ತೋರಿಸಿಕೊಟ್ಟವಳು ನೀನೇ. ಅವನ ಮಾತು ಒಂದಕ್ಷರ ತಿಳಿಯಲಿಲ್ಲ, ಆದರೆ ಕೈ ತಿಳಿಯಿತು. ಬಟ್ಟಲಿನೊಳಗಿನ ಮಸಿಯನ್ನು ಮೊಂಡು ಚಾಕುವಿನಿಂದ ಕೆರೆಯಬೇಕು, ಪೂರ್ತಿಯಾಗಿ ಅಲ್ಲ, ನಾಣ್ಯದಷ್ಟು ದಪ್ಪ ಉಳಿಸಿ. ದಪ್ಪವಾದರೆ ಕಟ್ಟಿಗೆ ಸೀಳುತ್ತದೆ, ಏನೂ ಉಳಿಯದಿದ್ದರೆ ಸುಡುತ್ತದೆ. ಆಮೇಲೆ ಉಪ್ಪು ತುಂಬಿ, ಔಷಧಿ ಅಂಗಡಿಯ ಸ್ಪಿರಿಟು ಹನಿಸಿ ಇಟ್ಟರೆ ಬೆಳಗಾಗುವುದರೊಳಗೆ ಬಿಳಿಯ ಉಪ್ಪು ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಕೊಳವೆಯೊಳಗೆ ತೂರಿಸಲು ನಾನು ದೇವರ ಬತ್ತಿಯನ್ನೇ ತಂತಿಗೆ ಹೊಸೆದೆ. ಕೊನೆಗೆ ಜೇನುಮೇಣ ಹಚ್ಚಿ ಹಳೆಯ ಧೋತರದ ತುಂಡಿನಿಂದ ಉಜ್ಜಿದರೆ, ಕಟ್ಟಿಗೆಯೊಳಗಿನ ಗೆರೆಗಳು ಹೊಳೆಯಲ್ಲಿ ನೀರು ಸುಳಿದಂತೆ ಮೇಲೆದ್ದು ಬರುತ್ತವೆ.

ಆ ಕಪ್ಪು ಕೊಳವೆ ಗಟ್ಟಿ ರಬ್ಬರಿನದು, ಅದಕ್ಕೆ ತನ್ನ ಹಳೆಯ ಆಕಾರ ನೆನಪಿರುತ್ತದೆ. ಹಲ್ಲು ಊರಿದ ಗುಳಿ ಇದ್ದರೆ ದೀಪಕ್ಕೆ ಹದವಾಗಿ ಕಾಯಿಸಬೇಕು, ಗುಳಿ ತಾನಾಗಿಯೇ ತುಂಬಿಕೊಳ್ಳುತ್ತದೆ. ಟ್ರಂಕಿನಲ್ಲಿದ್ದ ಒಂದನ್ನು ನಿಮ್ಮ ಅಜ್ಜ ಬೆಂಕಿಯಿಲ್ಲದೆ ಸುಮ್ಮನೆ ಬಾಯಲ್ಲಿ ಕಚ್ಚಿಕೊಂಡು ರೇಡಿಯೋ ಕೇಳುತ್ತಿದ್ದರು. ಅದನ್ನು ಕಾಯಿಸುತ್ತಿದ್ದೆ. ಅವರ ಹಲ್ಲಿನ ಗುಳಿ ಮೇಲೇರತೊಡಗಿತು. ಅರ್ಧ ತುಂಬಿದಾಗ ನನ್ನ ಕೈ ತಾನಾಗಿ ಹಿಂದಕ್ಕೆ ಬಂತು. ಗಡ್ಡದ ಮುದುಕ ನೋಡಿದ್ದರೆ ಕೆಲಸ ಕೆಟ್ಟಿತು ಎನ್ನುತ್ತಿದ್ದ.

ಟ್ರಂಕು ಮುಗಿಯಿತು, ಮಾತು ತೀರಿತು. ನಾನು ನಿಲ್ಲಿಸಲಿಲ್ಲ. ಚಿಕ್ಕೋಡಿಯ ಗುಜರಿಯವನು ಈಗ ಪೈಪು ಸಿಕ್ಕರೆ ನನಗೆಂದು ಎತ್ತಿಡುತ್ತಾನೆ. ಅಥಣಿಯಿಂದ, ಕಾಗವಾಡದಿಂದಲೂ ಬಂದಿವೆ. ತಂಬಾಕಿನ ಊರು, ಪೈಪು ಸೇದುವವನು ಒಬ್ಬನೂ ಇಲ್ಲ, ಸಾಲು ಸಾಲು ಪೈಪು ಇರುವುದು ಬೀಡಿಯನ್ನೂ ಮುಟ್ಟದ ಮುದುಕಿಯ ಮನೆಯಲ್ಲಿ. ಶಾಂತಕ್ಕ ಬಂದಾಗಲೆಲ್ಲ, "ಖರೇ ಹೇಳ ವೈನಿ, ಬಾಗಿಲಾ ಹಾಕ್ಕೊಂಡು ಒಂದರ ಝುರಕೀ ಎಳೀತಿಯಿಲ್ಲ?" ಎಂದು ನನ್ನ ಬಾಯಿ ಮೂಸಿ ನೋಡುತ್ತಾಳೆ. ಅವಳಿಗೆ ಹೇಗೆ ಹೇಳಲಿ? ಜನ್ಮವೆಲ್ಲ ನಾನು ಮಾಡಿದ ಅಡುಗೆ ಸಂಜೆಗೆ ಖಾಲಿಯಾಯಿತು, ಬೆಳಗಿದ ಪಾತ್ರೆಗೆ ಮರುದಿನ ಮತ್ತೆ ಮಸಿ ಹಿಡಿಯಿತು. ಯಾರೂ ಸೇದದ ಈ ಪೈಪೊಂದೇ ನಾನು ಒಮ್ಮೆ ಬೆಳಗಿದರೆ ಬೆಳಗಿದ ಹಾಗೇ ಉಳಿಯುತ್ತದೆ. ಈ ಸುಖ ನನ್ನದು. ಅದನ್ನು ನಿಮ್ಮ ತಲೆಗೆ ಕಟ್ಟಿದರೆ ಸುಖವಲ್ಲ, ಹೊರೆ.

ಆದ್ದರಿಂದ ಕೇಳಿ. ನನ್ನ ದಿವಸದಲ್ಲಿ ಯಾರೂ ಪೈಪಿನ ಮಾತೆತ್ತಕೂಡದು, ಬಾಳುವನ್ನಂತೂ ಎಡೆಯ ಹತ್ತಿರ ಬಿಡಬೇಡಿ. ಬೇಕೆನಿಸಿದ್ದನ್ನು ಇಟ್ಟುಕೊಳ್ಳಿ, ಬೇಡವಾದದ್ದನ್ನು ಗುಜರಿಯವನಿಗೇ ಕೊಡಿ. ಇನ್ನೊಬ್ಬ ಹುಚ್ಚ ಆರಿಸಿಕೊಳ್ಳಲಿ. ಕಾಗೆ ತಡಮಾಡಿದರೆ ನನಗೇನೋ ಆಸೆ ಉಳಿದಿದೆ ಎಂದು ತಿಳಿಯಬೇಡಿ. ಅಷ್ಟು ಜನ ಸುತ್ತ ನಿಂತು ಬಾಯಿ ನೋಡುತ್ತಿದ್ದರೆ ತುತ್ತೆತ್ತಲು ನನಗೆ ಮೊದಲಿನಿಂದಲೂ ನಾಚಿಕೆ. ನೀವೆಲ್ಲ ಆ ಕಡೆ ಮುಖ ಮಾಡಿ ಊಟಕ್ಕೆ ಕುಳಿತುಬಿಡಿ. ನಾನು ನಿಧಾನಕ್ಕೆ ಬಂದು ಉಂಡು ಹೋಗುತ್ತೇನೆ.