ಕೂ. ಲ., ಭದ್ರಾವತಿ

ಸೀನು ಬರುವ ಸೂಚನೆ ಸಿಕ್ಕಾಗ ನೀವೇನು ಮಾಡುತ್ತೀರೋ ನನಗೆ ತಿಳಿಯದು. ಸಭ್ಯರಾದವರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ, ಅವಸರದವರು ಅಂಗೈ ಅಡ್ಡ ಕೊಡುತ್ತಾರೆ, ನಮ್ಮಪ್ಪನಂಥವರು ಯಾವುದನ್ನೂ ಹಿಡಿಯದೆ ಬೀದಿಯ ಆ ತುದಿಗೆ ಕೇಳುವ ಹಾಗೆ ಸೀನಿ ಆಮೇಲೆ ಸಾವಕಾಶವಾಗಿ ದೇವರ ಹೆಸರು ಹೇಳುತ್ತಾರೆ. ನಾನು ಮಾತ್ರ ಮೂಗಿನ ಗೊಡವೆಗೇ ಹೋಗದೆ ಮೊದಲು ಕಾಲು ಕತ್ತರಿ ಹಾಕಿಕೊಳ್ಳುತ್ತಿದ್ದೆ. ನಿಂತಿದ್ದರೆ ಗೋಡೆ ಹಿಡಿದು, ಕೂತಿದ್ದರೆ ಮೊಣಕಾಲು ಬಿಗಿದು, ಆ ಹಾಳು ಸೀನು ಬಂದು ಹೋಗುವ ತನಕ ಉಸಿರು ಕಟ್ಟಿ ಕಾಯುತ್ತಿದ್ದೆ. ನಿಮಗೆ ನಗು ಬಂದರೆ ನಗಿ, ನನಗೇನೂ ಬೇಸರವಿಲ್ಲ. ನಕ್ಕರೆ ನಕ್ಕಷ್ಟೇ ಆಗಿ, ಅದರ ಜೊತೆಗೆ ಮತ್ತೇನೂ ಆಗದಿರುವುದು ಎಂಥ ಭಾಗ್ಯವೆಂದು ನಿಮಗೆ ಗೊತ್ತಿಲ್ಲ, ಅಷ್ಟೆ.

ನಾನು ಶಿವಮೊಗ್ಗದ ಕೋಟೆಯವಳು, ಮೇಷ್ಟರ ಮಗಳು. ಐವತ್ತರ ದಶಕ ಮುಗಿಯುತ್ತ ಬಂದಾಗ ಮದುವೆಯಾಗಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದೆ. ನಮ್ಮ ಯಜಮಾನರು, ಕೂಡ್ಲಿ ಲಕ್ಷ್ಮೀಕಾಂತರಾಯರು, ಅಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಮನೆಯಲ್ಲಿ ಅವರು, ನಾನು, ವಿಧವೆಯಾದ ನಮ್ಮ ಅತ್ತೆ. ಹುಟ್ಟಾ ನಗುಬುರುಕಿ ನಾನು. ಹೆಣ್ಣು ನೋಡಲು ಬಂದ ದಿನವೇ ಇವರ ಅಂಗಿಯ ಗುಂಡಿ ತಪ್ಪಿದ್ದು ನೋಡಿ ಕಾಫಿ ತಟ್ಟೆ ಹಿಡಿದುಕೊಂಡು ನಕ್ಕವಳು. ಆ ನಗೆಯನ್ನೇ ಮೆಚ್ಚಿ ಒಪ್ಪಿಕೊಂಡೆ ಎಂದು ಇವರು ಹೇಳುತ್ತಿದ್ದರು. ಆದರೆ ಮೊದಲ ಹೆರಿಗೆ ಬಹಳ ಕಷ್ಟದ್ದಾಯಿತು, ತಾಯಿಮಗು ಉಳಿದದ್ದೇ ಹೆಚ್ಚು ಎಂದರು ಸೂಲಗಿತ್ತಿ. ಬಾಣಂತನ ಮುಗಿಸಿ ಮಗುವನ್ನೆತ್ತಿಕೊಂಡು ಭದ್ರಾವತಿಗೆ ಮರಳುವಾಗ, ಮಾಚೇನಹಳ್ಳಿಯ ಹತ್ತಿರ ಬಸ್ಸು ಒಮ್ಮೆ ಎತ್ತಿ ಹಾಕಿತು ನೋಡಿ, ನನ್ನ ಸೀರೆ ಒದ್ದೆಯಾಯಿತು. ಮಗುವಿನದೆಂದು ಪಕ್ಕದವರು ಸರಿದು ಕೂತರು. ಆಮೇಲೆ ಕೊಡ ಎತ್ತಿದರೆ, ಕೆಮ್ಮಿದರೆ, ಸೀನಿದರೆ, ಎಲ್ಲಕ್ಕಿಂತ ಹೆಚ್ಚಾಗಿ ನಕ್ಕರೆ, ಅದೇ ಕಥೆ. ಪಾಪದ ಕೂಸಿನ ಮೇಲೆ ಎಷ್ಟು ದಿನ ಅಂತ ಹಾಕುವುದು? ನಗುವುದನ್ನೇ ಬಿಟ್ಟೆ. ಹರಟೆಗೆ ಕೂತರೆ ನಗು ಬರುತ್ತದೆಂದು ನೆರೆಮನೆಗೆ ಹೋಗುವುದನ್ನು ಬಿಟ್ಟೆ. ಗಂಡು ಮಗು ಹುಟ್ಟಿದ ಮೇಲೆ ಇವಳಿಗೆ ಜಂಬ ಬಂದಿದೆ ಎಂದು ಲೈನಿನ, ಎಂದರೆ ನಮ್ಮ ಸಾಲುಮನೆಗಳ, ಹೆಂಗಸರು ಆಡಿಕೊಂಡರು. ಇವರು ಮಾತ್ರ ಒಮ್ಮೊಮ್ಮೆ ಏನಾದರೂ ತಮಾಷೆ ಹೇಳಿ ನನ್ನ ಮುಖ ನೋಡುತ್ತಿದ್ದರು, ನಾನು ಒಳಗೆ ಹಾಲು ಉಕ್ಕುತ್ತಿದೆ ಎಂದು ಎದ್ದು ಹೋಗುತ್ತಿದ್ದೆ.

ಇದರ ನಡುವೆ ನನಗೊಂದು ಕೀರ್ತಿ ಬಂತು, ಅದನ್ನು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ. ನಮ್ಮ ಅತ್ತೆಯದು ಕಟ್ಟುನಿಟ್ಟಿನ ಮಡಿ. ಹೊತ್ತುಹೊತ್ತಿಗೆ ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಗಳದ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದ ಎಳೆದುಕೊಂಡು ಉಟ್ಟು, ಯಾರನ್ನೂ ಸೋಕಿಸಿಕೊಳ್ಳದೆ ಓಡಾಡುವವರು. ಮೈಲಿಗೆಯಾದ ಸೀರೆಯಲ್ಲಿ ಅವರ ಒಲೆಯ ಹತ್ತಿರ ಸುಳಿಯುವ ಧೈರ್ಯ ನನಗೆಲ್ಲಿ ಬರಬೇಕು? ಒದ್ದೆಯಾದಾಗಲೆಲ್ಲ ಬಚ್ಚಲಿಗೆ ಓಡಿ ನಾನೂ ಸ್ನಾನ ಮಾಡಿ ಬರತೊಡಗಿದೆ. ಕಾರಣ ಕೇಳಿದರೆ ಬೆಕ್ಕು ಅಡ್ಡ ಬಂತು, ಕೂದಲು ತುಳಿದೆ ಎಂದು ಏನಾದರೊಂದು ಹೇಳುತ್ತಿದ್ದೆ. ಕೇಳಿ ಕೇಳಿ ಅತ್ತೆ ಕರಗಿಹೋದರು. "ನಮ್ಮ ಸರಸು ನೋಡ್ರೇ, ಈ ಕಾಲದ ಹುಡುಗಿ ಅನ್ನೋ ಹಾಗೇ ಇಲ್ಲ. ಮಡಿ ಅಂದ್ರೆ ಮಡಿ" ಎಂದು ನಲ್ಲಿಕಟ್ಟೆಯಲ್ಲಿ ಕೊಡ ತುಂಬುವಾಗ ಎಲ್ಲರ ಎದುರು ಹೊಗಳಿದರು. ನಾಚಿಕೆಗೇಡಿನ ಕಾರಣಕ್ಕೆ ಮಾಡಿದ ಸ್ನಾನವೆಲ್ಲ ಪುಣ್ಯದ ಲೆಕ್ಕಕ್ಕೆ ಸೇರುತ್ತಿತ್ತು, ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ, ಅದನ್ನೂ ವಿನಯವೆಂದೇ ಎಲ್ಲರೂ ತಿಳಿದರು.

ಡಾಕ್ಟರಿಗೆ ತೋರಿಸಬಾರದಿತ್ತೇ ಎಂದು ನೀವು ಕೇಳಬಹುದು. ಹತ್ತಿರದಲ್ಲಿದ್ದ ಡಾಕ್ಟರು ಗಂಡಸರು. ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ನಮ್ಮ ಹಿಂದಿನ ಲೈನಿನವನು. ಕಿಟಕಿಯ ಆಚೆಯಿಂದ ಏನು ಕಾಯಿಲೆ ಎಂದು ಅವನು ಕೇಳುವುದೂ ಈಚೆಯಿಂದ ನಾವು ಹೇಳುವುದೂ ಹಿಂದೆ ನಿಂತವರಿಗೆಲ್ಲ ಕೇಳುತ್ತಿತ್ತು. ಹೀಗಿರುವಾಗ ನನ್ನ ಕಣ್ಣಿಗೆ ಬಿದ್ದದ್ದು ವಾರಪತ್ರಿಕೆಯ ವೈದ್ಯಸಲಹೆಯ ಪುಟ. ಪತ್ರಿಕೆಯನ್ನು ತರಿಸುತ್ತಿದ್ದವರು ಪಕ್ಕದ ಮನೆಯ ಗುಂಡೂರಾಯರು. ಅವರಲ್ಲಿ ಓದಿಯಾದ ಮೇಲೆ ಅದು ಲೈನಿನ ಮನೆಮನೆಗೂ ತಿರುಗುತ್ತಿತ್ತು. ಆ ಪುಟದಲ್ಲಿ ರೋಗಿಗಳು ಕೇಳಿದ ಪ್ರಶ್ನೆಯನ್ನು ಅಚ್ಚು ಹಾಕುತ್ತಿರಲಿಲ್ಲ, ಹೆಸರಿನ ಮೊದಲ ಅಕ್ಷರ, ಊರು, ಡಾಕ್ಟರ ಉತ್ತರ, ಇಷ್ಟೇ. ಮುಖ ತೋರಿಸದೆ ಮೈ ತೋರಿಸುವ ಇಂಥದೊಂದು ಉಪಾಯ ಲೋಕದಲ್ಲಿ ಇದೆಯಲ್ಲ ಎಂದು ನನಗೆ ಎಷ್ಟು ಹಿತವಾಯಿತೆಂದರೆ, ಆ ಡಾಕ್ಟರ ಮೇಲೆ ಒಂದು ಬಗೆಯ ಭಕ್ತಿಯೇ ಹುಟ್ಟಿತು.

ಬರೆಯಲು ಕೂತಾಗಲೇ ಗೊತ್ತಾದದ್ದು, ಈ ಸಂಗತಿಗೆ ನನ್ನ ಹತ್ತಿರ ಮಾತೇ ಇಲ್ಲವೆಂದು. ಮನೆಯಲ್ಲಿ ಆಡುವ ಮಾತು ಕಾಗದದ ಮೇಲೆ ಬೆತ್ತಲೆಯಾಗಿ ನಿಲ್ಲುತ್ತಿತ್ತು. ಅದಕ್ಕೆ ಸಂಸ್ಕೃತದ ಸೆರಗು ಹೊದಿಸಿ 'ಮೂತ್ರಬಾಧೆ' ಎಂದು ಬರೆದ ಮೇಲೆ ಕೊಂಚ ಮಾನ ಉಳಿದಂತಾಯಿತು. ಇನ್ನು ಹೆಸರು. ಪೂರ್ತಿ ಹೆಸರು ವಿಳಾಸ ಇಲ್ಲದ ಪತ್ರಗಳಿಗೆ ಉತ್ತರವಿಲ್ಲವೆಂದು ಪುಟದ ಕೆಳಗೆ ಅಚ್ಚಾಗಿತ್ತು, ಮೇಷ್ಟರ ಮಗಳಾದ ನಾನು ಅಚ್ಚಾದ ನಿಯಮವನ್ನು ಮೀರುವವಳಲ್ಲ. ಆದರೆ ಕಾಗದ ಬರೆಯಬಲ್ಲ ಹೆಂಗಸರು ನಮ್ಮ ಲೈನಿನಲ್ಲಿ ಬೆರಳೆಣಿಕೆಯವರು, ಹೆಂಗಸಿನ ಅಕ್ಷರ ಅಚ್ಚಾದರೆ ಒಂದೇ ದಿನದಲ್ಲಿ ಕಂಡುಹಿಡಿಯುತ್ತಾರೆ. ಗಂಡಸರಾದರೆ ಕಾರ್ಖಾನೆಯ ಕೂಗಿಗೆ ಸಾವಿರಗಟ್ಟಲೆ ಹೊರಬರುತ್ತಾರೆ, ಆ ಜಾತ್ರೆಯಲ್ಲಿ ಒಬ್ಬ ಗಂಡಸನ್ನು ಹುಡುಕುವವರು ಯಾರು? ಹಾಗೆಂದುಕೊಂಡು ಇವರ ಹೆಸರು ವಿಳಾಸವನ್ನೇ ಬರೆದು, ಹೆರಿಗೆಯ ಸುದ್ದಿಯನ್ನು ಬಿಟ್ಟು, ಮೂವತ್ತರ ವಯಸ್ಸಿನ ಗಂಡಸಿನಂತೆ ನಟಿಸಿ, ತೌರಿಗೆ ಹೋದಾಗ ಶಿವಮೊಗ್ಗದಲ್ಲೇ ಟಪಾಲು ಹಾಕಿ ಬಂದೆ. ಗಂಡಸಾಗುವ ದೊಡ್ಡ ಸುಳ್ಳಿಗೆ ಅಂಜದವಳು ಸುಳ್ಳು ಹೆಸರೊಂದನ್ನು ಬರೆಯುವ ಸಣ್ಣ ಸುಳ್ಳಿಗೆ ಅಂಜಿದ್ದು ನನಗೆ ಆಗ ಹೊಳೆಯಲೇ ಇಲ್ಲ.

ಭಾನುವಾರ ಸಂಜೆ ಗುಂಡೂರಾಯರ ಜಗಲಿಯಲ್ಲಿ ಗಂಡಸರು ಸೇರುತ್ತಿದ್ದರು. ರಾಯರು ಪತ್ರಿಕೆಯನ್ನು ದೊಡ್ಡ ದನಿಯಲ್ಲಿ ಓದುವುದು, ವೈದ್ಯರ ಪುಟ ಬಂದಾಗ ಉತ್ತರದಿಂದ ಪ್ರಶ್ನೆಯನ್ನು ಊಹಿಸಿ ಉಳಿದವರು ಗಹಗಹಿಸುವುದು, ಅದೊಂದು ಆಟವೇ ಆಗಿಹೋಗಿತ್ತು. ಬರೆದದ್ದನ್ನು ನಾನೇ ಮರೆಯುವಷ್ಟು ದಿನ ಕಳೆದ ಮೇಲೆ ಒಂದು ಸಂಜೆ, ಕಿಟಕಿಯ ಹಿಂದೆ ಅಕ್ಕಿ ಆರಿಸುತ್ತಿದ್ದಾಗ, ರಾಯರ ದನಿ ಕೇಳಿತು. "ಕೂ. ಲ., ಭದ್ರಾವತಿ. ನಕ್ಕಾಗ, ಸೀನಿದಾಗ ಮೂತ್ರ ಹನಿಯುವುದು ತಮ್ಮ ವಯಸ್ಸಿನ ಗಂಡಸರಲ್ಲಿ ಅಪರೂಪ. ಎಳೆಯ ವಯಸ್ಸಿನ ದುರಭ್ಯಾಸಗಳಿದ್ದಲ್ಲಿ ತ್ಯಜಿಸಿರಿ. ನಾಚದೆ ತಜ್ಞರಿಗೆ ತೋರಿಸಿರಿ." ಉತ್ತರದಲ್ಲಿ ಪ್ರಶ್ನೆಯೂ ಬರಬಹುದೆಂದು ನಾನು ಎಣಿಸಿರಲಿಲ್ಲ. ಕೂ ಎಂದು ಶುರುವಾಗುವ ಹೆಸರು ಆ ಊರಿನಲ್ಲಿ ಎಷ್ಟಿದ್ದೀತು ಎಂದೂ ಎಣಿಸಿರಲಿಲ್ಲ.

ಜಗಲಿಯವರೆಲ್ಲ ಇವರ ಕಡೆ ತಿರುಗಿದರು. ಇವರು ಅಲ್ಲೇ ಕೂತಿದ್ದರು. "ಲಕ್ಷ್ಮೀಕಾಂತ, ಇದು ನೀನೇ ಅಲ್ವೇನೋ ಮಾರಾಯ?" ಎಂದರು ಗುಂಡೂರಾಯರು. ನಾನು ಮೊರ ಕೆಳಗಿಟ್ಟೆ. ಇಲ್ಲವೆಂದು ಇವರು ಹೇಳಲಿ ಎಂದು ಬೇಡಿಕೊಂಡೆ, ಮರುಗಳಿಗೆಯೇ, ಇವರಲ್ಲದಿದ್ದರೆ ಆ ಮನೆಯಲ್ಲಿ ಇನ್ನಾರು ಎಂದು ಜನ ಯೋಚಿಸುತ್ತಾರಲ್ಲ ಎಂದು, ಹೇಳದಿರಲಿ ಎಂದೂ ಬೇಡಿಕೊಂಡೆ. ನಗು ಬಿಟ್ಟ ಹೆಂಡತಿ, ಹೊತ್ತುಗೊತ್ತಿಲ್ಲದ ಅವಳ ಸ್ನಾನ, ಉಕ್ಕದ ಹಾಲಿಗೆ ಎದ್ದು ಹೋಗುವುದು, ಎಲ್ಲವೂ ಆ ಹೊತ್ತಿನಲ್ಲಿ ಇವರ ಮನಸ್ಸಿನಲ್ಲಿ ಒಂದಕ್ಕೊಂದು ಕೂಡಿಕೊಂಡಿತೆಂದು ಆಮೇಲೆ ತಿಳಿಯಿತು. "ಹೌದು, ನಾನೇ ಬರೆದಿದ್ದು. ಕಾಯಿಲೆ ಯಾರಿಗೆ ಬರಲ್ಲ?" ಎಂದರು ಇವರು. "ಸಾರ್, ಇನ್ಮೇಲೆ ತಣ್ಣಿ ಕಮ್ಮಿ ಕುಡೀರಿ ಸಾರ್" ಎಂದ, ನೀರಿಗೆ ತಣ್ಣಿ ಎನ್ನುವ ಎದುರುಮನೆಯ ಫಿಟ್ಟರ್ ಪಳನಿಯಪ್ಪ. ಎಲ್ಲರೂ ನಕ್ಕರು, ಇವರೂ ನಕ್ಕದ್ದು ಕೇಳಿಸಿತು.

ಸುದ್ದಿ ಮರುದಿನ ನಲ್ಲಿಕಟ್ಟೆಯ ದಾರಿಯಾಗಿ ಅತ್ತೆಗೆ ಮುಟ್ಟಿತು. ಮಗನನ್ನು ಅಡಿಗೆಮನೆಯ ಹೊಸಿಲಿನಿಂದ ಆಚೆಗೆ ಹಾಕಿದರು, ದೇವರ ಮನೆಯ ಕಡೆ ಸುಳಿಯಬೇಡವೆಂದರು, ದಿನಾ ಬೆಳಿಗ್ಗೆ ನೆಗ್ಗಿಲಮುಳ್ಳಿನ ಕಷಾಯ ಕಾಸಿ ಒಂದು ಚೊಂಬು ಕುಡಿಸತೊಡಗಿದರು. ಅದು ನೀರಿಳಿಸುವ ಔಷಧಿ. ಗಟ್ಟಿಮುಟ್ಟಾದ ಇವರು ಅದನ್ನು ಕುಡಿದು ಗಳಿಗೆಗೊಮ್ಮೆ ಹಿತ್ತಿಲಿಗೆ ಓಡುವುದನ್ನು ಕಂಡವರಿಗೆ ಕಾಯಿಲೆಯ ಬಗ್ಗೆ ಇದ್ದ ಅನುಮಾನವೂ ಹೋಯಿತು. ಆ ಚೊಂಬನ್ನು ಇವರ ಕೈಗೆ ಕೊಡುತ್ತಿದ್ದವಳು, ಮಡಿಯುಟ್ಟ ನಾನು.

ಒಂದು ಬೆಳಿಗ್ಗೆ ಅತ್ತೆ ಜಪಕ್ಕೆ ಕೂತಿದ್ದಾಗ ಇವರು ಚೊಂಬು ವಾಪಸು ಕೊಡುತ್ತ, "ಯಾವಾಗಿಂದ ನಿಂಗೆ?" ಎಂದರು. ನನಗೆ ಅಳು ಬಂತು. ಮಗು ಹುಟ್ಟಿದಾಗಿನಿಂದ ಎಂದೆ. "ನಂಗೆ ಹೇಳೋಕೆ ಏನಾಗಿತ್ತು?" ನಾಚಿಕೆ ಎಂದೆ. "ಪತ್ರಿಕೆಯೋರಿಗೆ ಹೇಳೋಕೆ ಆಗ್ಲಿಲ್ವಾ ನಾಚಿಕೆ?" ಎಂದು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು. ನಾನು ಚೊಂಬು ತೊಳೆಯಲು ಹೊರಟೆ. ಈಗ ಯೋಚಿಸಿದರೆ ಹೀಗನ್ನಿಸುತ್ತದೆ. ಎದುರಿಗೆ ಕೂತು ಮುಖ ನೋಡದವರಿಗೆ ನಾವು ಬರೀ ಕಾಯಿಲೆ, ಕಾಯಿಲೆಗೆ ಮಾನ ಹೋಗುವ ಭಯವಿಲ್ಲ. ನಮ್ಮನ್ನು ಮೆಚ್ಚಿದವರ ಎದುರು ಮಾತ್ರ ಆ ಮೆಚ್ಚಿಗೆಯನ್ನು ಕಳೆದುಕೊಂಡುಬಿಟ್ಟೇವು ಎಂಬ ದಿಗಿಲು. ಹೀಗೆ ಹತ್ತಿರದವರನ್ನು ದೂರವಿಟ್ಟು ದೂರದವರ ಹತ್ತಿರ ಹೋಗುತ್ತೇವೆ. ಇವರನ್ನು ನಾನು ಅಷ್ಟು ಕಡಿಮೆ ಅಂದಾಜು ಮಾಡಿದ್ದೆನಲ್ಲ ಎಂದು ಆ ದಿನ ಆದ ನಾಚಿಕೆ, ಸೀರೆ ಒದ್ದೆಯಾದ ಯಾವ ದಿನವೂ ಆಗಿರಲಿಲ್ಲ.

ತಮ್ಮ ಕಾಯಿಲೆಗೆಂದು ಅಮ್ಮನಿಗೆ ಹೇಳಿ ಇವರು ನನ್ನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಸವಳಂಗ ರಸ್ತೆಯ ಕಡೆ ಒಬ್ಬ ಡಾಕ್ಟರಮ್ಮ ತಮ್ಮ ಮನೆಯ ಮುಂಭಾಗದಲ್ಲೇ ರೋಗಿಗಳನ್ನು ನೋಡುತ್ತಿದ್ದರು. ಬಸುರಿಯರ ಸಾಲಿನ ನಡುವೆ ಒಬ್ಬರೇ ಗಂಡಸು, ಮಡಿಲಲ್ಲಿ ಮಗುವನ್ನಿಟ್ಟುಕೊಂಡು ನೆಲ ನೋಡುತ್ತ ಕೂತರು. ಡಾಕ್ಟರಮ್ಮ ಪರೀಕ್ಷೆ ಮಾಡಿ, "ಹೆತ್ತೋರಲ್ಲಿ ಎಷ್ಟು ಜನಕ್ಕೆ ಇದು ಇರತ್ತೆ ಗೊತ್ತೇನಮ್ಮ? ಪ್ರತಿಯೊಬ್ಬರೂ ತಮಗೊಬ್ಬರಿಗೇ ಅಂದ್ಕೊಂಡು ಬಾಯಿ ಮುಚ್ಕೊಂಡು ಕೂತಿರ್ತಾರೆ" ಎಂದು ಗದರಿ, ಕೂತಲ್ಲೇ ಮಾಡುವ ಒಂದು ವ್ಯಾಯಾಮ ಹೇಳಿಕೊಟ್ಟರು. ಕಿಬ್ಬೊಟ್ಟೆಯ ಕೆಳಗೆ ಬಿಗಿಹಿಡಿದು, ಬಿಟ್ಟು, ಮತ್ತೆ ಬಿಗಿಹಿಡಿಯುವುದು. ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ಮನೆಯಲ್ಲಿ ನಾನು ಕಣ್ಣು ಮುಚ್ಚಿ ಅದನ್ನು ಮಾಡುತ್ತಿದ್ದರೆ ಅತ್ತೆ ಧ್ಯಾನವೆಂದುಕೊಂಡು ಮಗುವನ್ನು ಮೆಲ್ಲಗೆ ಆಚೆಗೆ ಎತ್ತಿಕೊಂಡು ಹೋಗುತ್ತಿದ್ದರು.

ಮಾರನೆಯ ವರ್ಷ ಗುಂಡೂರಾಯರಿಗೆ ನಿವೃತ್ತಿಯಾಯಿತು. ಲೈನಿನವರೆಲ್ಲ ಸೇರಿ ಉಪ್ಪಿಟ್ಟು, ಕೇಸರಿಭಾತು ಮಾಡಿಸಿ ಬೀಳ್ಕೊಟ್ಟರು. ಹಾರ ಹಾಕಿಸಿಕೊಂಡ ರಾಯರು ಎದ್ದು ನಿಂತು, "ಇಷ್ಟು ವರ್ಷ ಈ ಲೈನಿಗೆ ಪತ್ರಿಕೆ ಓದಿ ಹೇಳ್ದೆ. ನಮ್ಮಲ್ಲಿ ಪತ್ರಿಕೆಯಲ್ಲಿ ಬಂದೋನು ಅಂದ್ರೆ ಲಕ್ಷ್ಮೀಕಾಂತ ಒಬ್ನೇ. ಪಾಪ, ಎರಡೇ ಅಕ್ಷರ ಹಾಕಿದ್ರು. ಪೂರ್ತಿ ಹೆಸರು ಹಾಕಿದ್ರೆ ಭದ್ರಾ ಹೊಳೆಗೇ ನೆರೆ ಬರ್ತಿತ್ತು" ಎಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಏನೆಂದು ಹೇಳಲಿ, ನಾನೂ ನಕ್ಕೆ. ಬಾಯಿಗೆ ಸೆರಗು ಒತ್ತುವ ಮೊದಲೇ ಹೊರಬಿತ್ತು, ತಡೆದಷ್ಟೂ ಬಂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಸೀರೆ ಒಣಗಿಯೇ ಇತ್ತು. ಗಂಡಸರ ಸಾಲಿನಿಂದ ಇವರು ನನ್ನನ್ನೇ ನೋಡುತ್ತಿದ್ದರು.

ಮನೆಗೆ ಬಂದದ್ದೇ ಅತ್ತೆ ನನ್ನ ಮೇಲೆ ಹರಿಹಾಯ್ದರು. "ನಾಲ್ಕು ಜನರ ಎದುರು ಗಂಡನ ಕಾಯಿಲೆಗೆ ಹಲ್ಲು ಕಿರೀತೀಯಲ್ಲೇ, ನಾಚಿಕೆ ಅನ್ನೋದು ಇದ್ಯಾ ನಿಂಗೆ?"

"ನಗ್ಲಿ ಬಿಡಮ್ಮ" ಎಂದರು ಇವರು. "ಅವಳು ನಗ್ಲಿ ಅಂತಾನೇ ಅಲ್ವಾ ಶಿವಮೊಗ್ಗಕ್ಕೆ ಅಷ್ಟು ಸಲ ಹೋಗಿದ್ದು."

ಅತ್ತೆಗೆ ಅರ್ಥವಾಗಲಿಲ್ಲ. ಆ ಹೊತ್ತಿನಲ್ಲೂ ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲವೆನ್ನಿಸಿತು. "ಅತ್ತೆ, ಅದು ಇವರ ಕಾಯಿಲೆ ಅಲ್ಲ, ನಂದು. ಕಾಗದ ಬರೆದೋಳೂ ನಾನೇ. ಅಷ್ಟು ಸಲ ಸ್ನಾನ ಮಾಡ್ತಿದ್ದಿದ್ದೂ ಮಡಿಗಲ್ಲ, ಅದಕ್ಕೇ" ಎಂದೆ. ಒಲೆ, ದೇವರು, ಮಡಿಯ ಕೊಡ ಎಲ್ಲವನ್ನೂ ಕೆಡಿಸಿದೆಯೆಂದು ಶಪಿಸುತ್ತಾರೆ ಎಂದು ಕಾದೆ. ಅವರು ನೇರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿತು. ನನ್ನ ಮೈಲಿಗೆಯನ್ನು ತೊಳೆದುಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಒದ್ದೆ ಸೀರೆಯಲ್ಲಿ ಹೊರಬಂದವರು ಮಗ ಇಲ್ಲದ್ದನ್ನು ನೋಡಿಕೊಂಡು ನನ್ನ ಹತ್ತಿರ ಬಂದರು, ಮಡಿಯನ್ನೂ ಮರೆತು ನನ್ನ ಕೈ ಹಿಡಿದರು. "ಆ ಡಾಕ್ಟ್ರಮ್ಮ ನನ್ನಂಥ ಮುದುಕೀರ್ನೂ ನೋಡ್ತಾರೇನೇ ಸರಸು? ಇವನನ್ನ ಹೆತ್ತಾಗಿಂದ ಇದೆ."

ಆ ವಾರವೇ, ಇವರ ಕಿವಿಗೆ ನಾನೇ ವಿಷಯ ಹಾಕಿ, ಮಗುವನ್ನೆತ್ತಿಕೊಂಡು ಬೆಳಗಿನ ಬಸ್ಸಿಗೆ ಮೂವರೂ ಹೊರಟೆವು. ನಲ್ಲಿಕಟ್ಟೆಯಲ್ಲಿದ್ದ ಹೆಂಗಸರು ಎಲ್ಲಿಗೆ ಎಲ್ಲರೂ ಎಂದು ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ ಇವರು, "ನನ್ನ ಹಳೇ ಕಾಯಿಲೆ ಮತ್ತೆ ಶುರುವಾಗಿದೆ, ಅಮ್ಮನೂ ಜೊತೆಗೆ ಬರ್ತಿದ್ದಾರೆ" ಎಂದರು. ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಅತ್ತೆಯೂ ನಾನೂ ತಲೆ ತಗ್ಗಿಸಿಕೊಂಡು ಇವರ ಹಿಂದೆ ನಡೆದೆವು.